ಖಾಲಿ ಜಾಗದ ಚಿತ್ರ

"ಗುರುಗಳೇ, ಕಂಡ ತಪ್ಪನ್ನು ಕಂಡಂತೆ ಹೇಳಿದರೆ ಅದು ಹೊಟ್ಟೆಕಿಚ್ಚು ಹೇಗಾಗುತ್ತದೆ?"

ಕೇಳಿದವನು ಕಾಂತೇಶ. ಕೇಳಿಸಿಕೊಂಡವರು ಸಿದ್ಧವೀರಯ್ಯನವರು. ಮನುಷ್ಯನ ಮೈಯಲ್ಲಿ ಬೆಳೆಯುವ ಗಡ್ಡೆಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿಟ್ಟು ನೋಡುವ ವಿದ್ಯೆಯನ್ನು ಅವರು ಮೂವತ್ತು ವರ್ಷ ಕಲಿಸಿದ್ದರು. ಆ ವರ್ಷ ಅವರ ಬಳಿ ಇಬ್ಬರು ಸಂಶೋಧನಾ ಪ್ರಬಂಧ ಬರೆಯುತ್ತಿದ್ದರು. ಒಬ್ಬ ಕಾಂತೇಶ, ಇನ್ನೊಬ್ಬಳು ಹರಿಣಾಕ್ಷಿ. ಇಬ್ಬರ ಪ್ರಬಂಧಗಳೂ ಗುರುಗಳ ಮೇಜಿನ ಮೇಲಿದ್ದವು. ಹರಿಣಾಕ್ಷಿ ತನ್ನ ಪ್ರಬಂಧಕ್ಕೆ ತೆಗೆದ ಚಿತ್ರಗಳಿಗೆ ಹಿಂದಿನ ವಾರ ಒಂದು ದೊಡ್ಡ ಸಮ್ಮೇಳನದಲ್ಲಿ ಬಹುಮಾನ ಬಂದಿತ್ತು. ಕಾಂತೇಶನ ಕೈಯಲ್ಲಿ ಒಂದು ಹಾಳೆ ಇತ್ತು. ಅದರಲ್ಲಿ ಆ ಚಿತ್ರಗಳ ಹದಿನಾಲ್ಕು ತಪ್ಪುಗಳಿದ್ದವು. ಊಟದ ಹೊತ್ತಿನಲ್ಲಿ ಅವನು ಅದನ್ನು ಗೆಳೆಯರಿಗೆ ಓದಿ ಹೇಳಿದ್ದ. ಗೆಳೆಯರು ಹೊಟ್ಟೆಕಿಚ್ಚು ಎಂದು ನಕ್ಕಿದ್ದರು.

ಗುರುಗಳು ಹಾಳೆಯನ್ನು ಮುಟ್ಟಲಿಲ್ಲ. "ಕೂತುಕೋ" ಎಂದರು. ಆಮೇಲೆ ಈ ಕತೆ ಹೇಳಿದರು.

ಒಂದು ಆಸ್ಪತ್ರೆಯಲ್ಲಿ ಒಬ್ಬ ಹಿರಿಯ ವೈದ್ಯನಿದ್ದ. ನಾಡಿ ಹಿಡಿಯುವ ವೈದ್ಯನಲ್ಲ. ರೋಗಿಯ ಮೈಯಿಂದ ತೆಗೆದ ಚೂರನ್ನು ನೋಡಿ, ಇದು ಇಂಥ ಗಡ್ಡೆ ಎಂದು ಬರೆದುಕೊಡುವ ವೈದ್ಯ. ಅವನು ಬರೆದದ್ದನ್ನು ನೋಡಿ ಉಳಿದವರು ಔಷಧ ಕೊಡುತ್ತಿದ್ದರು. ಆ ಸೀಮೆಗೆಲ್ಲ ಒಂದೇ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ. ಅದರ ಮುಂದಿನ ಕುರ್ಚಿಯಲ್ಲಿ ಅವನು ಇಪ್ಪತ್ತೆರಡು ವರ್ಷ ಕೂತಿದ್ದ. ಕುರ್ಚಿಯ ಮೆತ್ತೆ ಅವನ ಮೈಯ ಅಳತೆಗೆ ತಗ್ಗಾಗಿತ್ತು. ಬೇರೆ ಯಾರು ಕೂತರೂ ವಾಲುತ್ತಿದ್ದರು.

ಆ ಕೆಲಸ ಹೇಗೆಂದು ನಿನಗೆ ಗೊತ್ತಿದೆ. ಆದರೂ ಹೇಳುತ್ತೇನೆ. ಗೊತ್ತಿರುವುದನ್ನೇ ನಾವು ಹೆಚ್ಚು ಮರೆಯುವುದು.

ಗಡ್ಡೆಯ ಚೂರನ್ನು ಗಟ್ಟಿ ಅಂಟಿನಲ್ಲಿ ಹೂತು, ವಜ್ರದ ಅಲಗಿನಿಂದ ಕೊಯ್ಯಬೇಕು. ತಲೆಗೂದಲನ್ನು ಸಾವಿರ ಪದರ ಸೀಳಿದರೆ ಒಂದು ಪದರ ಎಷ್ಟು ತೆಳುವೋ ಅಷ್ಟು ತೆಳು. ಕೊಯ್ದ ಪದರ ಅಲಗಿನ ಹಿಂದಿನ ನೀರಿನ ಮೇಲೆ ತೇಲುತ್ತದೆ. ಬೆಳ್ಳಿಯ ಬಣ್ಣ ಬಂದರೆ ಸರಿ. ಬಂಗಾರದ ಬಣ್ಣ ಬಂದರೆ ಸ್ವಲ್ಪ ದಪ್ಪ. ನೇರಳೆ ಬಂದರೆ ಎಸೆಯಬೇಕು. ಬಂಗಾರಕ್ಕಿಂತ ಬೆಳ್ಳಿಗೆ ಬೆಲೆ ಇರುವುದು ಆ ಕಸುಬಿನಲ್ಲಿ ಮಾತ್ರ. ಅಷ್ಟು ತೆಳುವಾದದ್ದನ್ನು ಯಾವ ಚಿಮುಟದಿಂದಲೂ ಹಿಡಿಯಲಾಗದು. ಅದಕ್ಕೆ ಒಂದು ಕಡ್ಡಿಯ ತುದಿಗೆ ಕಣ್ಣಿನ ರೆಪ್ಪೆಯ ಕೂದಲೊಂದನ್ನು ಅಂಟಿಸಿಕೊಂಡು, ಆ ಕೂದಲಿನಿಂದ ಮೆಲ್ಲಗೆ ಸರಿಸಿ, ಎಳ್ಳುಕಾಳಿನಷ್ಟು ತಾಮ್ರದ ಜಾಲರಿಯ ಮೇಲೆ ಕೂರಿಸಬೇಕು. ಆಮೇಲೆ ಬಣ್ಣ. ಕಡೆಯ ಬಣ್ಣ ಸೀಸದ್ದು. ಸೀಸ ಹಿಡಿದ ಕಡೆ ಚಿತ್ರದಲ್ಲಿ ಕಪ್ಪು, ಹಿಡಿಯದ ಕಡೆ ಬಿಳುಪು.

ಈ ಸೀಸದ ಬಣ್ಣಕ್ಕೆ ಒಂದು ಕೆಟ್ಟ ಗುಣ. ಮನುಷ್ಯನ ಉಸಿರು ತಾಗಿದರೆ ಅದು ಒಡೆಯುತ್ತದೆ. ಒಡೆದ ಸೀಸ ಸಣ್ಣ ಕಪ್ಪು ಚುಕ್ಕೆಗಳಾಗಿ ಜಾಲರಿಯ ಮೇಲೆ ಕೂರುತ್ತದೆ. ಅದಕ್ಕೇ ಬಣ್ಣದ ಹನಿಯನ್ನು ತಟ್ಟೆಯಲ್ಲಿಟ್ಟು, ಸುತ್ತ ಉಸಿರಿನ ಗಾಳಿಯನ್ನು ಹೀರುವ ಕಾಸ್ಟಿಕ್ ಸೋಡಾದ ಕಾಳುಗಳನ್ನಿಟ್ಟು, ಮುಚ್ಚಳ ಮುಚ್ಚುತ್ತಾರೆ. ಮುಚ್ಚಳ ಎತ್ತುವವನು ಉಸಿರು ಕಟ್ಟಿಯೇ ಎತ್ತಬೇಕು. ಹಿರಿಯ ತನ್ನ ಬಳಿ ಬಂದವರಿಗೆಲ್ಲ ಮೊದಲ ದಿನ ಕಲಿಸುತ್ತಿದ್ದದ್ದು ಎರಡೇ ಮಾತು. ಬಣ್ಣ ಹಾಕುವಾಗ ಉಸಿರಾಡಬೇಡ. ನೋಡುವಾಗ ಮೊದಲು ಖಾಲಿ ಜಾಗ ನೋಡು.

ಖಾಲಿ ಜಾಗ ಎಂದರೆ ಜೀವಕೋಶ ಇಲ್ಲದ ಕಡೆ, ಬರೀ ಅಂಟು ಇರುವ ಕಡೆ. ಅಲ್ಲಿ ಏನೂ ಇರಬಾರದು. ಅಲ್ಲೂ ಚುಕ್ಕೆ ಕಂಡರೆ ಅದು ರೋಗಿಯದಲ್ಲ, ನಿನ್ನದು.

ಹೀಗಿರುವಾಗ ಆ ವಿಭಾಗಕ್ಕೆ ಒಬ್ಬ ಹೊಸಬಳು ಬಂದಳು. ಅವಳಿಗೂ ಅವನು ಇದನ್ನೇ ಕಲಿಸಿದ. ಅವಳು ತಲೆಯಾಡಿಸಿ ಕಲಿತಳು. ಕಲಿಯುವವರೆಗೆ ಅವನಿಗೆ ಅವಳ ಮೇಲೆ ಪ್ರೀತಿಯೇ ಇತ್ತು. ತೊಂದರೆ ಶುರುವಾದದ್ದು ಅವಳು ಕಲಿತ ಮೇಲೆ.

ಅವಳ ಅಲಗಿನಿಂದ ಬರೀ ಬೆಳ್ಳಿಯೇ ಬರುತ್ತಿತ್ತು. ಅವಳ ಚಿತ್ರಗಳಲ್ಲಿ ಒಂದು ಗೀರಿಲ್ಲ, ಒಂದು ಮಡಿಕೆಯಿಲ್ಲ. ಮೊದಮೊದಲು ಹಿರಿಯನೇ ಅವನ್ನು ಬೇರೆಯವರಿಗೆ ತೋರಿಸಿದ. ಆಮೇಲೆ ತೋರಿಸುವುದನ್ನು ಬಿಟ್ಟ. ಶಸ್ತ್ರಚಿಕಿತ್ಸೆಯವರು ಫೋನ್ ಮಾಡಿ "ಸರ್, ಮೇಡಂ ಇದ್ದಾರಾ?" ಎಂದು ಕೇಳತೊಡಗಿದರು. ಅದನ್ನು ಕೇಳಿದ ದಿನ ಅವನಿಗೆ ಊಟ ರುಚಿಸುತ್ತಿರಲಿಲ್ಲ. ಒಮ್ಮೆ ಬೇರೆ ಊರಿನಿಂದ ಬಂದವರೊಬ್ಬರು ಅವಳ ರೆಪ್ಪೆಕೂದಲಿನ ಕಡ್ಡಿಯನ್ನು ಹಿಡಿದು ನೋಡಿ, ಎಷ್ಟು ನಾಜೂಕಾಗಿದೆ, ಇಂಥದ್ದೊಂದು ನಮಗೂ ಮಾಡಿಕೊಡಿ ಎಂದರು. ಹಿರಿಯನ ಕಡ್ಡಿ ಪಕ್ಕದಲ್ಲೇ ಇತ್ತು. ಅದರಲ್ಲಿ ಅವನದೇ ರೆಪ್ಪೆಯ ಕೂದಲಿತ್ತು, ಈಗೀಗ ನರೆತದ್ದು. ಅದನ್ನು ಯಾರೂ ನೋಡಲಿಲ್ಲ. ಇವಳ ರೆಪ್ಪೆಕೂದಲಿಗೂ ಬೆಲೆ ಬಂತಲ್ಲ ಎಂದು ಅವನು ಒಳಗೊಳಗೇ ಕುದಿದ.

ಅಂದಿನಿಂದ ಅವನು ಮೊಸರಿನಲ್ಲಿ ಕಲ್ಲು ಹುಡುಕತೊಡಗಿದ. ಅವಳ ವರದಿಗಳನ್ನು ಎರಡೆರಡು ಸಲ ಓದಿದ. ಅವಳ ಹಳೆಯ ಚಿತ್ರಗಳನ್ನು ಕಪಾಟಿನಿಂದ ತೆಗೆದು ಭೂತಗನ್ನಡಿ ಹಿಡಿದು ನೋಡಿದ. ಏನೂ ಸಿಗಲಿಲ್ಲ. ಸಿಗದಿದ್ದಾಗ ಸಮಾಧಾನ ಆಗಬೇಕಿತ್ತು. ಹೊಟ್ಟೆ ಇನ್ನಷ್ಟು ಉರಿಯಿತು. ಇದಕ್ಕೆಲ್ಲ ಅವನು ಇಟ್ಟುಕೊಂಡ ಹೆಸರು ಹೊಟ್ಟೆಕಿಚ್ಚು ಅಲ್ಲ. ಜವಾಬ್ದಾರಿ. ಹಿರಿಯನಾದವನು ನೋಡದಿದ್ದರೆ ಯಾರು ನೋಡಬೇಕು ಎಂದು ತನಗೆ ತಾನೇ ಹೇಳಿಕೊಂಡ.

ಆ ದಿನಗಳಲ್ಲಿ ಎಂಟು ವರ್ಷದ ಒಂದು ಹುಡುಗಿಯ ಕುತ್ತಿಗೆಯ ಗಡ್ಡೆಯ ಚೂರು ಬಂತು. ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ಬರೀ ದುಂಡು ದುಂಡು ಕೋಶಗಳು. ಎರಡು ಬೇರೆ ಬೇರೆ ಕ್ಯಾನ್ಸರ್‌ಗಳಿಗೆ ಅದೇ ಮುಖ. ಒಂದು ಸ್ನಾಯುವಿನಿಂದ ಹುಟ್ಟುವಂಥದ್ದು. ಇನ್ನೊಂದು ನರದಿಂದ ಹುಟ್ಟುವಂಥದ್ದು. ಎರಡಕ್ಕೂ ಔಷಧ ಬೇರೆ, ದಾರಿ ಬೇರೆ. ತಪ್ಪಿದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ. ಮಗು ಆ ಬರೆಯನ್ನು ತಿಂಗಳುಗಟ್ಟಲೆ ತಾಳಬೇಕು, ಗಡ್ಡೆ ಮಾತ್ರ ಬೆಳೆಯುತ್ತಲೇ ಇರುತ್ತದೆ. ಬೇರ್ಪಡಿಸಿ ಹೇಳಬೇಕಾದದ್ದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕ. ಕೋಶದೊಳಗೆ ದಪ್ಪ ಎಳೆ, ಸಣ್ಣ ಎಳೆ ಒಟ್ಟಿಗೆ ಸಾಲಾಗಿ ಕಂಡರೆ ಸ್ನಾಯು. ತೆಳುಪೊರೆಯೊಳಗೆ ಕೂತ ಕಪ್ಪು ಕಾಳುಗಳು ಕಂಡರೆ ನರ.

ಹೊಸಬಳು ನೋಡಿದಳು. ಎಳೆಗಳು ಕಂಡವು. ಕಾಳು ಕಾಣಲಿಲ್ಲ. ಸ್ನಾಯುವಿನ ಗಡ್ಡೆ ಎಂದು ಬರೆದು ಹಿರಿಯನ ಸಹಿಗೆ ತಂದಿಟ್ಟಳು. ಅವನ ಸಹಿಯಿಲ್ಲದೆ ಯಾವ ವರದಿಯೂ ಹೊರಗೆ ಹೋಗುವಂತಿರಲಿಲ್ಲ.

"ಇರಲಿ, ನಾನೂ ಒಮ್ಮೆ ನೋಡುತ್ತೇನೆ" ಎಂದ ಅವನು.

ಅವಳ ಪೆಟ್ಟಿಗೆಯಿಂದ ಇನ್ನೂ ಬಣ್ಣ ಹಾಕದ ಒಂದು ಜಾಲರಿ ತೆಗೆದುಕೊಂಡ. ಮೊದಲ ಬಣ್ಣ ಹಾಕಿದ. ಸೀಸದ ಹನಿಯ ತಟ್ಟೆ ಎದುರಿಗಿಟ್ಟುಕೊಂಡು ಉಸಿರು ಕಟ್ಟಿ ಮುಚ್ಚಳ ಎತ್ತಿದ. ಅಷ್ಟರಲ್ಲಿ ಪಕ್ಕದ ಕೋಣೆಯಲ್ಲಿ ಫೋನ್ ರಿಂಗಾಯಿತು. ಯಾರೋ ಎತ್ತಿಕೊಂಡರು. "ಮೇಡಂ, ನಿಮಗೇ" ಎಂದು ಕೂಗಿದರು. ಇಪ್ಪತ್ತೆರಡು ವರ್ಷ ಆ ಫೋನ್ ರಿಂಗಾಗುತ್ತಿದ್ದದ್ದು ಅವನಿಗಾಗಿ. ಅವನ ಎದೆಯೊಳಗಿಂದ ಒಂದು ನಿಟ್ಟುಸಿರು ಬಂತು. ಬಂದದ್ದು ಅವನಿಗೇ ತಿಳಿಯಲಿಲ್ಲ. ಜಾಲರಿಯನ್ನು ಹನಿಯ ಮೇಲಿಟ್ಟು ಮುಚ್ಚಳ ಮುಚ್ಚಿದ.

ತೊಳೆದು, ಒಣಗಿಸಿ, ಯಂತ್ರದೊಳಗಿಟ್ಟು ನೋಡಿದರೆ, ಕೋಶದೊಳಗೆ ಕಪ್ಪು ಕಾಳುಗಳು!

ಹಾಲು ಕುಡಿದಷ್ಟು ಸಂತೋಷವಾಯಿತು ಅವನಿಗೆ. ಹಾಲು ಕುಡಿದವನಿಗೆ ಆಗುವುದಕ್ಕಿಂತ ಹೆಚ್ಚೇ ಆಯಿತು. ಒಂದು ಮಗುವಿನ ಕುತ್ತಿಗೆಯಲ್ಲಿ ಕ್ಯಾನ್ಸರ್ ಇದೆ, ಅದನ್ನು ನೋಡುತ್ತಿದ್ದೇನೆ ಎಂಬುದನ್ನು ಆ ಗಳಿಗೆಯಲ್ಲಿ ಅವನು ಮರೆತ. ಇವಳ ಕಣ್ಣಿಗೆ ಬೀಳದ್ದು ನನ್ನ ಕಣ್ಣಿಗೆ ಬಿತ್ತು ಎಂಬುದೊಂದೇ ಅವನ ತಲೆಯಲ್ಲಿದ್ದದ್ದು. ಎಳೆಗಳೂ ಕಂಡವು. ಎಳೆ ಯಾವ ಕೋಶದಲ್ಲಿಲ್ಲ ಎಂದುಕೊಂಡ. ಕಾಳುಗಳ ಸುತ್ತ ಪೊರೆ ಇದೆಯೇ ಎಂದು ನೋಡಿದ. ಕೆಲವಕ್ಕೆ ಇದ್ದಂತೆ ಕಂಡಿತು. ಬೇಕೆಂದು ನೋಡುವವನಿಗೆ ಕಾಳೂ ಕಾಣುತ್ತದೆ, ಕಾಳಿಗೆ ಪೊರೆಯೂ ಕಾಣುತ್ತದೆ. ಹನ್ನೊಂದು ಚಿತ್ರ ತೆಗೆದ. ಹನ್ನೊಂದೂ ಕೋಶದ ಒಳಗಿನವು.

ಅವಳ ವರದಿಯ ಮೇಲೆ ಅಡ್ಡಗೀಟು ಎಳೆದು, ನರದ ಗಡ್ಡೆ ಎಂದು ಬರೆದು, ಸಹಿ ಹಾಕಿ, ಕ್ಯಾನ್ಸರ್ ಡಾಕ್ಟರಿಗೆ ತಾನೇ ಒಯ್ದು ಕೊಟ್ಟ. ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ ಔಷಧ ಶುರು ಎಂದು ಗೊತ್ತಾಯಿತು. ಹಿಂತಿರುಗುವಾಗ ಮೆಟ್ಟಿಲ ಬಳಿ ಹುಡುಗಿಯ ತಾಯಿ ಎದುರಾದಳು. "ಏನಂತ ಗೊತ್ತಾಯ್ತಾ ಸಾಹೇಬ್ರೆ?" ಎಂದು ಕೇಳಿದಳು. "ಗೊತ್ತಾಯ್ತಮ್ಮ, ನಾನೇ ನೋಡಿದ್ದೀನಿ" ಎಂದ ಅವನು. ಅವಳು ಕೈ ಮುಗಿದಳು. ಆ ನಮಸ್ಕಾರವನ್ನೂ ಅವನು ತೆಗೆದುಕೊಂಡ.

ಸಂಜೆ ಹೊಸಬಳು ಅವನ ಕೋಣೆಗೆ ಬಂದಳು. ಹನ್ನೊಂದು ಚಿತ್ರಗಳನ್ನೂ ಒಂದೊಂದಾಗಿ ನೋಡಿದಳು. ಜಗಳವಾಡಲಿಲ್ಲ.

"ಸರ್, ಖಾಲಿ ಜಾಗದ್ದು ಒಂದು ಚಿತ್ರ ಇದೆಯಾ?" ಎಂದಳು.

ಅವನಿಗೆ ಮೈಯೆಲ್ಲ ಉರಿದುಹೋಯಿತು. "ಏನೂ ಇಲ್ಲದ್ದನ್ನು ಯಾರಾದರೂ ಫೋಟೊ ತೆಗೆಯುತ್ತಾರೇನಮ್ಮ? ನನಗೇ ಕಲಿಸೋಕೆ ಬಂದೆಯಾ?"

"ಇದನ್ನ ಕಲಿಸಿದ್ದು ನೀವೇ ಸರ್. ಡಾಕ್ಟರನ್ನ ಕೇಳಿದೆ. ನಿಮ್ಮ ಸಹಿ ಬಿದ್ದ ಮೇಲೆ ನಿಮ್ಮ ಮಾತೇ ಮಾತು ಅಂದರು. ಅದಕ್ಕೇ ನಿಮ್ಮ ಹತ್ತಿರ ಬಂದೆ."

ಅಷ್ಟು ಹೇಳಿ ಅವಳು ಹೋದಳು. ಜಾಲರಿ ಅವನ ಡ್ರಾಯರಿನಲ್ಲಿ ಬೀಗದೊಳಗಿತ್ತು. ಕೀಲಿ ಅವನ ಜೇಬಿನಲ್ಲಿತ್ತು. ನೋಡುವುದಿದ್ದರೆ ಅವನೇ ನೋಡಬೇಕು, ತಡೆಯುವುದಿದ್ದರೆ ಅವನೇ ತಡೆಯಬೇಕು. ಮಗುವಿನ ಪಾಲಿಗೆ ಬೇರೆ ದಾರಿ ಇರಲಿಲ್ಲ.

ಮನೆಗೆ ಹೋದ. ಅವಳ ಕೊಬ್ಬು ನೋಡು ಎಂದು ಬೈದುಕೊಂಡ. ಖಾಲಿ ಜಾಗದಲ್ಲಿ ಏನೂ ಇರುವುದಿಲ್ಲ, ನಾಳೆ ತೋರಿಸಿ ಬಾಯಿ ಮುಚ್ಚಿಸುತ್ತೇನೆ ಎಂದುಕೊಂಡ. ಬೆಳಿಗ್ಗೆ ಎಂಟಕ್ಕೆ ಬಂದು ಯಂತ್ರ ಶುರು ಮಾಡಿದ. ನೋಡು, ಅವನು ಬಂದದ್ದು ಮಗುವಿಗಾಗಿ ಅಲ್ಲ. ಅವಳನ್ನು ಸೋಲಿಸುವುದಕ್ಕೆ. ದೇವರು ಕೆಲವರನ್ನು ಒಳ್ಳೆಯ ಕೆಲಸಕ್ಕೆ ಕರೆದುಕೊಂಡು ಬರುವುದು ಕೆಟ್ಟ ದಾರಿಯಿಂದಲೇ.

ಜಾಲರಿಯನ್ನು ಒಳಗಿಟ್ಟ. ಕೋಶಗಳನ್ನು ದಾಟಿ, ಅಂಚಿಗೆ ಸರಿಸಿದ. ಬರೀ ಅಂಟು ಇರುವ ಕಡೆ ಬಂದ.

ಅಲ್ಲಿ ಕೋಶವಿರಲಿಲ್ಲ, ನರವಿರಲಿಲ್ಲ, ಸ್ನಾಯುವಿರಲಿಲ್ಲ. ಕಪ್ಪು ಕಾಳುಗಳಿದ್ದವು. ಒಳಗೆ ಇದ್ದದ್ದಕ್ಕಿಂತ ಹೆಚ್ಚಿದ್ದವು.

ಅವನು ಉಳಿದ ಅಂಚುಗಳಿಗೂ ಸರಿಸಿ ನೋಡಿದ, ಎಲ್ಲ ಕಡೆಯೂ ಅವೇ. ನಿನ್ನೆ ಮುಚ್ಚಳ ಎತ್ತಿದ್ದು ನೆನಪಾಯಿತು. ಫೋನ್ ರಿಂಗಾದದ್ದು ನೆನಪಾಯಿತು. ನಿಟ್ಟುಸಿರು ಈಗ ನೆನಪಾಯಿತು. ಅವನಿಗೆ ನಾಚಿಕೆಯಾಯಿತು. ಎಂಥ ನಾಚಿಕೆ ಎಂದರೆ, ಕೋಣೆಯಲ್ಲಿ ಒಬ್ಬನೇ ಇದ್ದರೂ ಮುಖ ಮುಚ್ಚಿಕೊಂಡ. ಇಪ್ಪತ್ತೆರಡು ವರ್ಷದಲ್ಲಿ ಸಾವಿರಾರು ಜನರ ರೋಗವನ್ನು ಅವನು ನೋಡಿದ್ದ. ತನ್ನದನ್ನು ನೋಡಿದ್ದು ಅದೇ ಮೊದಲು. ಅದೂ ಲಕ್ಷ ಪಟ್ಟು ದೊಡ್ಡದಾಗಿ.

ಆದರೆ ಮನಸ್ಸು ಎಂಬುದು ಹೇಗೆ ನೋಡು. ನಾಚಿಕೆಯ ಹಿಂದೆಯೇ ಇನ್ನೊಂದು ಯೋಚನೆ ಬಂತು. ಜಾಲರಿ ಯಾರ ಪೆಟ್ಟಿಗೆಯದು? ಅವಳದು. ಜಾಲರಿಯೇ ಕೊಳೆಯಾಗಿತ್ತು ಎಂದರೆ ಯಾರು ಇಲ್ಲ ಎನ್ನುತ್ತಾರೆ? ಔಷಧವೂ ನಿಲ್ಲುತ್ತದೆ, ಮಗುವೂ ಉಳಿಯುತ್ತದೆ, ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗುವುದಿಲ್ಲ. ಮೇಲಾಗಿ ಅವಳ ಕೈಯ ಚೊಕ್ಕತನದ ಮಾತೂ ಅಲ್ಲಿಗೆ ಮುಗಿಯುತ್ತದೆ. ಆ ಮಾತನ್ನು ಬಾಯಲ್ಲಿ ಸಿದ್ಧಮಾಡಿಕೊಂಡೇ ಅವನು ಎದ್ದ. ಗಡಿಯಾರದಲ್ಲಿ ಒಂಬತ್ತು ಮುಕ್ಕಾಲು.

ವಾರ್ಡಿಗೆ ಓಡಿದ. ಹುಡುಗಿ ಹಾಸಿಗೆಯ ಮೇಲಿದ್ದಳು. ಬಾಟಲಿ ತೂಗುಹಾಕಿದ್ದರು. ಸೂಜಿ ಇನ್ನೂ ಚುಚ್ಚಿರಲಿಲ್ಲ. ತಾಯಿ ಅವನನ್ನು ಕಂಡು ಎದ್ದು ನಿಂತು ಮತ್ತೆ ಕೈ ಮುಗಿದಳು. ಮಗಳಿಗೆ, "ಇವರೇ ನೋಡು, ನಿನ್ನ ಕಾಯಿಲೆ ಕಂಡುಹಿಡಿದೋರು" ಎಂದಳು. ಹುಡುಗಿಯೂ ಕೈ ಮುಗಿದಳು.

ಅವನು ಸಿದ್ಧಮಾಡಿಕೊಂಡಿದ್ದ ಮಾತು ಬಾಯಲ್ಲೇ ಒಣಗಿತು.

"ಡಾಕ್ಟರೇ, ಅದನ್ನು ನಿಲ್ಲಿಸಿ" ಎಂದ. "ನಾನು ತೋರಿಸಿದ ಕಾಳು ಈ ಮಗುವಿನ ರೋಗದ್ದಲ್ಲ. ನನ್ನ ಉಸಿರಿನದು. ಅವಳು ಬರೆದದ್ದೇ ಸರಿ."

ಡಾಕ್ಟರು ಬಾಟಲಿಯನ್ನು ಕೆಳಗಿಳಿಸಿದರು. ಹಿರಿಯ ಕೆಳಗೆ ಬಂದು ಹಳೆಯ ವರದಿಯ ಇನ್ನೊಂದು ಪ್ರತಿ ತರಿಸಿ, ಅವಳ ಹೆಸರಿನ ಕೆಳಗೆ ಸಹಿ ಹಾಕಿದ. ಹನ್ನೊಂದು ಚಿತ್ರಗಳ ಜೊತೆ ಹನ್ನೆರಡನೆಯದನ್ನೂ ತೆಗೆದು, ಕಲಿಯಲು ಬರುವವರು ಮೊದಲು ನೋಡುವಂತೆ ಬಾಗಿಲ ಪಕ್ಕದ ಗೋಡೆಗೆ ತಾನೇ ಅಂಟಿಸಿದ. ಅದು ಖಾಲಿ ಜಾಗದ ಚಿತ್ರ. ಅದರ ಕೆಳಗೆ ತನ್ನ ಹೆಸರನ್ನು ಬರೆದ.

ಹುಡುಗಿಗೆ ಸ್ನಾಯುವಿನ ಗಡ್ಡೆಯ ಔಷಧವೇ ಶುರುವಾಯಿತು. ಅದು ಉದ್ದದ ದಾರಿ, ನಡೆದಳು. ಅಷ್ಟರಮಟ್ಟಿಗೆ ಗೊತ್ತು.

ಇನ್ನು ಆ ಹಿರಿಯನ ಹೊಟ್ಟೆಕಿಚ್ಚು ಅಂದೇ ಆರಿತು ಎಂದು ಹೇಳಿದರೆ ನೀನು ನಂಬಿಬಿಡುತ್ತೀಯೆ, ಕತೆ ಮಾತ್ರ ಸುಳ್ಳಾಗುತ್ತದೆ. ಆರಲಿಲ್ಲ. ಅವಳಿಗೆ ಫೋನ್ ಬಂದಾಗಲೆಲ್ಲ ಅವನಿಗೆ ಚುಚ್ಚುತ್ತಲೇ ಇತ್ತು. ನಿವೃತ್ತನಾಗುವ ದಿನ ಕುರ್ಚಿಯನ್ನು ಅವಳಿಗೆ ಬಿಟ್ಟುಕೊಡುವಾಗಲೂ ಚುಚ್ಚಿತು. ಬದಲಾದದ್ದು ಇಷ್ಟೇ. ಅವಳ ಚಿತ್ರದಲ್ಲಿ ಏನಾದರೂ ಕಪ್ಪು ಕಂಡರೆ, ಬಾಯಿ ತೆರೆಯುವ ಮುಂಚೆ ಅವನು ಜಾಲರಿಯನ್ನು ಅಂಚಿಗೆ ಸರಿಸುತ್ತಿದ್ದ.

ಸಿದ್ಧವೀರಯ್ಯನವರು ಕತೆ ನಿಲ್ಲಿಸಿದರು.

ಕಾಂತೇಶ ಕೈಯಲ್ಲಿದ್ದ ಹಾಳೆಯನ್ನು ಮತ್ತೊಮ್ಮೆ ಓದಿದ. ಕತೆ ಚೆನ್ನಾಗಿತ್ತು. ಆದರೆ ಅದು ಯಾರದೋ ಕತೆ, ಆ ಹಿರಿಯ ಕಂಡದ್ದು ಸುಳ್ಳು ಚುಕ್ಕೆ. ಈ ಹಾಳೆಯಲ್ಲಿ ಇರುವುದು ನಿಜವಾದ ತಪ್ಪು. ಅಳತೆಗೀಟು ಇಲ್ಲದ ಚಿತ್ರವಿದೆ, ಅಂಚಿನಲ್ಲಿ ಮಡಿಕೆ ಬಿದ್ದ ಚಿತ್ರವಿದೆ, ಎಷ್ಟು ಪಟ್ಟು ದೊಡ್ಡದು ಎಂದು ಬರೆಯದ ಚಿತ್ರವಿದೆ. ಅವನು ಮೂರು ಸಂಜೆ ಕೂತು, ಪುಟದ ಸಂಖ್ಯೆಯ ಸಮೇತ ಬರೆದುಕೊಂಡದ್ದು.

"ಗುರುಗಳೇ," ಎಂದ, "ಈ ಹದಿನಾಲ್ಕೂ ಅವಳ ಪ್ರಬಂಧದಲ್ಲಿ ನಿಜವಾಗಿಯೂ ಇವೆ. ಬೇಕಾದರೆ ತೆಗೆದು ನೋಡಿ."

ಗುರುಗಳು ಕೈ ಚಾಚಿದರು. ಎರಡು ಪ್ರಬಂಧಗಳಲ್ಲಿ ಕೆಳಗಿದ್ದದ್ದನ್ನು ಎಳೆದರು. ಅದರ ಮೇಲೆ ಕಾಂತೇಶನ ಹೆಸರಿತ್ತು. ಅದನ್ನು ಅವನ ಮುಂದೆ ಸರಿಸಿ, ತೆರೆದು, ಅವನ ಕೈಯಲ್ಲಿದ್ದ ಹಾಳೆಯನ್ನು ತೆಗೆದು ಅದರ ಮೇಲಿಟ್ಟರು.

"ನಿನ್ನದರಲ್ಲಿ ಎಷ್ಟು ಸಿಕ್ಕವು?"